ಏಳೂ ಹಿಡಿಯದಿದ್ದರೆ

ಬಸ್ಸು ಗಣೇಬೈಲ ದಾಟುವ ಹೊತ್ತಿಗೆ ಸಂಖ್ಯೆ ಒಡೆಯಿತು. ಖಾನಾಪುರದಿಂದ ಬೆರಳ ಗೆಣ್ಣುಗಳ ಮೇಲೆ ಓಡುತ್ತಲೇ ಬಂದಿದ್ದ ಗಂಗಾದೇವಿಯ ಹೆಬ್ಬೆರಳು ಉಂಗುರ ಬೆರಳಿನ ನಡುವಿನ ಗೆಣ್ಣಿಗೆ ಬಂದು ಗಕ್ಕನೆ ನಿಂತಿತು. ಒಂಬೈನೂರಾ ಏಳರಲ್ಲಿ ನೂರಾ ಐವತ್ತೊಂದು ಆರು ಸಲ ಹೋಗಿ ಒಂದು ಉಳಿದಿತ್ತು. ಐದನ್ನು ಇಳಿಸಿದಳು, ಹದಿನೈದಾಯಿತು, ಹೋಗಲಿಲ್ಲ. ಕಡೆಯ ಒಂದನ್ನು ಇಳಿಸಿದಳು, ನೂರಾ ಐವತ್ತೊಂದೇ ಆಯಿತು. ಇನ್ನು ಏನೂ ಉಳಿಯಲಿಲ್ಲ. ಆಯುಷ್ಯವೆಲ್ಲ ಗಣಿತ ಕಲಿಸಿದ ಹೆಂಗಸಿಗೆ ಇಂಥ ಗಳಿಗೆಯಲ್ಲಿ ಆಗುವ ಸಂತೋಷ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಎದೆಯಲ್ಲಿ ಏಳುತ್ತದೆ, ಬಾಯಿಗೆ ಬರುತ್ತದೆ, ಪಕ್ಕದವರ ತೊಡೆ ತಟ್ಟಿ 'ಒಡೀತು' ಅನ್ನಿಸುತ್ತದೆ. ಆದರೆ ಈ ಸಲದ ಸಂತೋಷ ಹೊಟ್ಟೆಯ ತಳದಿಂದ ಬಂತು, ಬೆಚ್ಚಗಿತ್ತು, ಯಾರಿಗೂ ಹೇಳಬೇಕೆನ್ನಿಸಲಿಲ್ಲ. ಪಕ್ಕದಲ್ಲಿ ಶಮಶಾದ ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಗಂಗಾದೇವಿ ಅವಳತ್ತ ತಿರುಗದೆ ಕಿಟಕಿಯಾಚೆಯ ಮರಗಳನ್ನು ನೋಡತೊಡಗಿದಳು.

ಒಡೆಯುವ ಆಟ ಇಬ್ಬರದೂ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ದಿನವೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುವ ಗಣಿತದ ಇಬ್ಬರು ಅಧ್ಯಾಪಕಿಯರು ಮತ್ತೇನು ಮಾಡಿಯಾರು. ಸೀರೆ, ಸೊಸೆ, ಸಂಬಳ ಎಲ್ಲ ದೇಸೂರಿನ ಒಳಗೇ ಮುಗಿದುಹೋಗುತ್ತವೆ. ಆಮೇಲೆ ಟಿಕೆಟ್ಟಿನ ನಂಬರು, ಮುಂದೆ ಹೋಗುತ್ತಿರುವ ಲಾರಿಯ ನಂಬರು, ಕಂಬದ ಮೇಲಿನ ಜಾಹೀರಾತಿನ ಫೋನ್ ನಂಬರು. ಒಬ್ಬಳು ಸಂಖ್ಯೆ ಕೊಡಬೇಕು, ಇಬ್ಬರೂ ಮನಸ್ಸಿನಲ್ಲೇ ಎರಡು, ಮೂರು, ಐದು, ಏಳು ಎಂದು ಸಣ್ಣವರಿಂದ ಶುರು ಮಾಡಿ ಭಾಗಿಸುತ್ತ ಹೋಗಬೇಕು. ಯಾವುದಕ್ಕೂ ಜಗ್ಗದೆ ನಿಂತರೆ ಅದು ಅವಿಭಾಜ್ಯ. ಯಾವುದಕ್ಕಾದರೂ ಸಿಕ್ಕರೆ, ಸಿಕ್ಕಿಸಿದವಳು ಆ ಕ್ಷಣವೇ 'ಒಡೀತು' ಎನ್ನಬೇಕು. ಆಟಕ್ಕೆ ಇದ್ದ ನಿಯಮ ಇದೊಂದೇ. ಮಾತಿನ ನಡುವೆ, ಆಕಳಿಕೆಯ ನಡುವೆ, ಒಮ್ಮೆ ಶಮಶಾದಳ ಮಾವ ಗೌಸಸಾಬರ ಮಣ್ಣಿಗೆ ಹೋಗಿ ಬರುವ ದಾರಿಯಲ್ಲಿ ಕೂಡ, ಗಂಗಾದೇವಿ ಅಳುತ್ತಿದ್ದ ಶಮಶಾದಳ ಕೈ ಹಿಡಿದುಕೊಂಡು ಮೆಲ್ಲಗೆ 'ಒಡೀತು, ಮೂವತ್ತೇಳರಿಂದ' ಅಂದಿದ್ದಳು, ಶಮಶಾದ ಅಳುವಿನಲ್ಲೇ ನಕ್ಕಿದ್ದಳು. ಒಡೆದದ್ದನ್ನು ಒಡೆದಿಲ್ಲವೆಂದು ಇಬ್ಬರಲ್ಲಿ ಯಾರೂ ಈವರೆಗೆ ಹೇಳಿರಲಿಲ್ಲ.

"ಒಡೀತೇನ್ರಿ ಅಕ್ಕಾರ?" ಶಮಶಾದ ಕೇಳಿದಳು. ಅವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳಾದ ಗಂಗಾದೇವಿ ಕಾಲೇಜಿನಲ್ಲಿ ಮೇಡಮ್ಮು, ಬಸ್ಸಿನಲ್ಲಿ ಅಕ್ಕಾರು.

"ಇಲ್ಲ," ಎಂದಳು ಗಂಗಾದೇವಿ. "ಭಾಳ ಗಟ್ಟಿ ಐತಿ."

"ನಾ ಹೇಳಲಿಲ್ಲೇನ್ರಿ? ನಮ್ಮ ಸೃಷ್ಟಿ ಸಣ್ಣದ ತರೂದಿಲ್ಲ. ಎರಡು, ಮೂರು, ಐದು, ಏಳು, ನಾಕೂ ಪರೀಕ್ಷಾದಾಗ ಪಾಸ್ ಆಗೇತಿ ಅದು."

ನಮ್ಮ ಸೃಷ್ಟಿ. ಆ 'ನಮ್ಮ'ದಲ್ಲಿ ತನ್ನ ಪಾಲೆಷ್ಟು ಎಂದು ಗಂಗಾದೇವಿ ಲೆಕ್ಕ ಹಾಕಿದಳು. ನಿನ್ನೆ ಸಂಜೆ ಇದೇ ಬಸ್ಸಿನಲ್ಲಿ ಶಮಶಾದ ಫೋನು ಮುಂದೆ ಹಿಡಿದಿದ್ದಳು. ಅದರಲ್ಲಿ ಆಮಂತ್ರಣವಿತ್ತು: ನಾಳೆ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿನಿ ಸೃಷ್ಟಿಯ ಉಪನ್ಯಾಸ. ಧಾರವಾಡದಿಂದ ಅವಳ ಪಿಎಚ್.ಡಿ. ಗೈಡೂ ಬರುತ್ತಾರೆ. ಉಪನ್ಯಾಸದ ಹೆಸರಿನ ಜಾಗದಲ್ಲಿ ಅಕ್ಷರವೇ ಇರಲಿಲ್ಲ, ಬರೀ ಒಂದು ಸಂಖ್ಯೆ: 3215031751. ಮುನ್ನೂರಾ ಇಪ್ಪತ್ತೊಂದು ಕೋಟಿ ಐವತ್ತು ಲಕ್ಷ ಮೂವತ್ತೊಂದು ಸಾವಿರದ ಏಳುನೂರಾ ಐವತ್ತೊಂದು. ಗಂಗಾದೇವಿ ಅದನ್ನು ಒಮ್ಮೆ ಓದಿದಳು, ಅದು ತಲೆಯೊಳಗೆ ಹೋಗಿ ಕೂತಿತು. ಅಂಕಿಗಳ ಮೊತ್ತ ಇಪ್ಪತ್ತೆಂಟು, ಹಾಗಾಗಿ ಮೂರರಿಂದ ಹೋಗದು. ಏಳರಿಂದ ಭಾಗಿಸಿದರೆ ಒಂದೇ ಒಂದು ಉಳಿಯುತ್ತದೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಹನ್ನೊಂದಕ್ಕೆ ಎಂಟು ಉಳಿಯುತ್ತದೆ. ಖಾನಾಪುರ ಬರುವಷ್ಟರಲ್ಲಿ ನಲವತ್ತೊಂದನ್ನು ಮುಟ್ಟಿದ್ದಳು. ರಾತ್ರಿಯ ಅಡಿಗೆಗೆ ರೊಟ್ಟಿ ತಟ್ಟುತ್ತ ಮುಂದುವರಿಸಿದಳು. "ರೊಟ್ಟಿ ಹೊತ್ತಾಕತ್ತೇತಿ, ಮೂಗು ಎಲ್ಲಿ ಅಡವು ಇಟ್ಟಿ?" ಎಂದು ಅತ್ತೆ ಪದ್ಮವ್ವ ಹೊರಗಿನಿಂದಲೇ ಕೂಗಿದಾಗ ಅವಳು ಎಂಬತ್ತಮೂರರಲ್ಲಿದ್ದಳು. ಕಾಗದ ಪೆನ್ನು ತೆಗೆದುಕೊಂಡರೆ ಗಳಿಗೆಯ ಕೆಲಸ. ಫೋನಿಗೆ ಕೇಳಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೇಳುತ್ತದೆ. ಆದರೆ ಆಟದ ಸಂಖ್ಯೆಯನ್ನು ತಲೆಯಲ್ಲೇ ಒಡೆಯಬೇಕು ಎಂಬ ಹಟ ಅವಳದು, ಅದು ಹಟವೋ ಸೊಕ್ಕೋ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮಚ್ಛೆಯ ಹತ್ತಿರ ಬಸ್ಸು ತುಂಬಿತು. ನಿಂತವರ ಚೀಲ, ಮೊಣಕೈಗಳ ನಡುವೆ ಗಂಗಾದೇವಿ ತನ್ನ ನೂರಾ ಐವತ್ತೊಂದನ್ನು ಸೆರಗಿನ ತುದಿಗೆ ಕಟ್ಟಿದ ನಾಣ್ಯದ ಹಾಗೆ ಮುಟ್ಟಿ ಮುಟ್ಟಿ ನೋಡಿಕೊಂಡಳು. ನಾಲ್ಕೂ ಪರೀಕ್ಷೆಯಲ್ಲಿ ಪಾಸಾಗಿದೆ ಅಂತೆ. ಪರೀಕ್ಷೆ ಎಂದರೇನು? ಸಂಬಂಧ ನೋಡುವಾಗ ಓಣಿಯವರನ್ನು ಕೇಳುವುದಿಲ್ಲವೇ, ಹುಡುಗ ಹೇಗೆ ಅಂತ, ಹಾಗೆ. ದೊಡ್ಡ ಸಂಖ್ಯೆಯನ್ನು ಒಂದೊಂದಾಗಿ ಭಾಗಿಸುತ್ತ ಕೂರಲು ತಾಳ್ಮೆ ಇಲ್ಲದವರು ಎರಡನ್ನು ಕರೆದು ಸಾಕ್ಷಿ ಕೇಳುತ್ತಾರೆ, ಮೂರನ್ನು ಕರೆದು ಕೇಳುತ್ತಾರೆ. ಅದಕ್ಕೆ ಘಾತದ, ಶೇಷದ ಒಂದು ವಿಧಾನ ಇದೆ. ಅವಿಭಾಜ್ಯವಾದರೆ ಎಲ್ಲ ಸಾಕ್ಷಿಗಳೂ ಒಳ್ಳೆಯದೇ ಹೇಳಬೇಕು. ಆದರೆ ಓಣಿಯವರೆಲ್ಲ ಒಳ್ಳೆಯವನು ಅಂದ ಮಾತ್ರಕ್ಕೆ ಹುಡುಗ ಒಳ್ಳೆಯವನೇ ಆಗಬೇಕೆಂದಿಲ್ಲ, ಇದನ್ನು ಎರಡನೆಯ ವರ್ಷದ ಬಿ.ಎಸ್ಸಿ. ತರಗತಿಯಲ್ಲಿ ಕಲಿಸಿದವಳು ಅವಳೇ. ಬೋರ್ಡಿನ ಮೇಲೆ 341 ಎಂದು ಬರೆದು, ನೋಡ್ರಿ, ಎರಡು ಇದನ್ನು ಅವಿಭಾಜ್ಯ ಅಂತ ಸಾಕ್ಷಿ ಹೇಳತೈತಿ, ಎರಡು ಭೋಳೆ ಐತಿ, ಎಲ್ಲಾರ್ನೂ ನಂಬತೈತಿ, ಮೂರನ್ನ ಕೇಳಿದ್ರ ಸಿಕ್ಕಿಬೀಳತೈತಿ, ಹನ್ನೊಂದ ಮೂವತ್ತೊಂದಲೆ ಮುನ್ನೂರಾ ನಲವತ್ತೊಂದು, ಎಂದಿದ್ದಳು. ಎರಡನೆಯ ಬೆಂಚಿನ ಮೇಲೆ ನಂದಗಡದ ಹುಡುಗಿ ಸೃಷ್ಟಿ, ಎಣ್ಣೆ ಹಚ್ಚಿದ ಎರಡು ಜಡೆ, ಎದ್ದು ನಿಂತಳು. "ಮೂರೂ ಹಿಡೀಲಿಲ್ಲಂದ್ರರಿ ಮೇಡಮ್?" ಐದನ್ನ ಕೇಳು. "ಐದೂ ಹಿಡೀಲಿಲ್ಲಂದ್ರರಿ?" ಏಳನ್ನ ಕೇಳು. "ಏಳೂ ಹಿಡೀಲಿಲ್ಲಂದ್ರ?" ತರಗತಿ ನಕ್ಕಿತು, ಗಂಟೆ ಹೊಡೆಯಿತು, ಗಂಗಾದೇವಿ ಕೈಯ ಸುಣ್ಣದ ಪುಡಿ ಕೊಡವಿಕೊಳ್ಳುತ್ತ ಏನೋ ಹೇಳಿ ಹೊರಗೆ ಬಂದಿದ್ದಳು. ಏನು ಹೇಳಿದ್ದೆನೆಂದು ನೆನಪಿಲ್ಲ, ಬಾಯಿ ಮುಚ್ಚಿಸಲು ಏನಾದರೂ ಹೇಳಿರಬೇಕು. ಆದರೆ ಅವತ್ತು ಕಾರಿಡಾರಿನಲ್ಲಿ ನಡೆಯುತ್ತ ಅವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಷ್ಟೋ ವರ್ಷ ಬರೀ ಬೆಂಚಿಗೆ ಪಾಠ ಹೇಳಿದ ಮೇಲೆ ಒಬ್ಬಳು ಎದ್ದು 'ಮುಂದೆ?' ಅಂತ ಕೇಳಿದ್ದಳು.

ಆ ಹುಡುಗಿಯನ್ನು ಶಮಶಾದ ಕಸಿದುಕೊಂಡಳು. ಕಸಿದುಕೊಂಡಳು ಎಂಬ ಮಾತನ್ನು ಗಂಗಾದೇವಿ ಯಾರ ಎದುರೂ ಆಡಿದವಳಲ್ಲ, ಮನಸ್ಸಿನಲ್ಲಿ ಮಾತ್ರ ದಿನಕ್ಕೊಂದು ಸಲ ಬಿಡದೆ ಆಡುತ್ತಿದ್ದಳು. ಮೂರನೆಯ ವರ್ಷಕ್ಕೆ ಕಂಪ್ಯೂಟರ್ ಲ್ಯಾಬು ಶುರುವಾಯಿತು, ಅದರ ಕೀಲಿ ಶಮಶಾದಳ ಕೈಗೆ ಬಂತು, ಸೃಷ್ಟಿ ಅಲ್ಲಿ ಹೋಗಿ ಕೂತಳು. ಮೊದಮೊದಲು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು 'ಒಳಗ ಬರ್ಲೇನ್ರಿ ಮೇಡಮ್' ಎಂದು ಕೇಳುತ್ತಿದ್ದವಳು ಆಮೇಲೆ ಅದೇ ಬಾಗಿಲ ಮುಂದೆ ಹಾದು ಲ್ಯಾಬಿಗೆ ಹೋಗುವಾಗ ನಮಸ್ಕಾರ ಮಾತ್ರ ಮಾಡತೊಡಗಿದಳು. ನಮಸ್ಕಾರಕ್ಕೇನು ಕಡಿಮೆ ಇರಲಿಲ್ಲ. ರ‍್ಯಾಂಕು ಬಂದ ಸುದ್ದಿ ಗಂಗಾದೇವಿಗೆ ತಿಳಿದದ್ದು ಕ್ಯಾಂಟೀನಿನಲ್ಲಿ, ಕಾಮರ್ಸಿನವರೊಬ್ಬರ ಬಾಯಿಂದ, ಅದೂ ಅವರು 'ನಿಮ್ಮ ಶಮಶಾದ ಮೇಡಮ್ ಸ್ಟುಡೆಂಟ್' ಎಂದಾಗ. ಗಂಗಾದೇವಿ ಚಹಾದ ಕಪ್ಪನ್ನು ಕೆಳಗಿಡದೆ 'ಹೌದು, ಭಾಳ ಶಾಣ್ಯಾ ಹುಡುಗಿ' ಅಂದಿದ್ದಳು. ರಮಜಾನ್ ಹಬ್ಬದ ಮರುದಿನ ಶಮಶಾದ ಬಸ್ಸಿನಲ್ಲಿ ಡಬ್ಬಿ ತೆರೆದು ಶೀರಕುರ್ಮಾ ಕೊಡುತ್ತ, ನಿನ್ನೆ ಸೃಷ್ಟಿ ಮನೆಗೆ ಬಂದಿದ್ದಳು, ಎರಡು ಬಟ್ಟಲು ಉಂಡಳು, ಮಗಳು ರುಕ್ಸಾರಳ ಜೊತೆ ಮಾಳಿಗೆ ಮೇಲೆ ಕೂತು ಹರಟಿದಳು ಎಂದಳು. ಅದೇ ಹುಡುಗಿ ಗಂಗಾದೇವಿಯ ಮನೆಗೆ ಒಮ್ಮೆಯೇ ಬಂದಿದ್ದು, ಖುರ್ಚಿಯ ಅಂಚಿನಲ್ಲಿ ಕೂತು, ಕೊಟ್ಟ ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಂಡು ಹೋಗಿದ್ದಳು. ಆ ಶೀರಕುರ್ಮಾ ಗಂಗಾದೇವಿಗೆ ಇಡೀ ದಿನ ಎದೆಯಲ್ಲೇ ನಿಂತಿತ್ತು. ಹೊಟ್ಟೆಕಿಚ್ಚು ಎಂಬುದು ಬೇರೆಯವರ ಮನೆಯಲ್ಲಿ ಆಗುವಂಥದ್ದು ಎಂದು ನಂಬಿದ ಜನ ಇರುತ್ತಾರೆ, ಇವಳು ಅಂಥವಳು. ತನಗೆ ಆಗುತ್ತಿರುವುದು ಪಿತ್ತ ಎಂದು ಅವಳು ತಿಳಿದಿದ್ದಳು, ಜೀರಿಗೆ ಅಗಿಯುತ್ತಿದ್ದಳು.

ಈಗ ಆ ಇಬ್ಬರೂ ಸೇರಿ ಒಂದು ಸಂಖ್ಯೆಯನ್ನು ತಂದು ನಿಲ್ಲಿಸಿದ್ದಾರೆ, ಅವಿಭಾಜ್ಯ ಎನ್ನುತ್ತಿದ್ದಾರೆ. ಅದು ನೂರಾ ಐವತ್ತೊಂದರಿಂದ ಹೋಗುತ್ತದೆ. ಹೀಗಾಗುವುದು ಹೇಗೆ, ಶಮಶಾದಳ ಕಂಪ್ಯೂಟರು ಇಂಥ ಹತ್ತು ಅಂಕಿಯ ಸಂಖ್ಯೆಯನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆದು ಹಾಕುವುದಿಲ್ಲವೇ ಎಂಬ ಪ್ರಶ್ನೆ ಪಿರನವಾಡಿಯ ಹತ್ತಿರ ಅವಳ ಮನಸ್ಸಿಗೆ ಬಂತು. ಬಂದದ್ದನ್ನು ಕೂರಿಸಲಿಲ್ಲ. ಈಗಿನವರು ಯಾರು ಭಾಗಿಸುತ್ತಾರೆ, ಎರಡು ಸಾಕ್ಷಿ ಕೇಳಿ ಕೈ ತೊಳೆದುಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. 'ಅದು ಅವಿಭಾಜ್ಯ ಅಂತ ಆಕಿ ಅಂತಾಳೇನು?' ಎಂದು ಪಕ್ಕದಲ್ಲೇ ಇದ್ದವಳನ್ನು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಮುಗಿದುಹೋಗುತ್ತದೆ ಎಂಬುದೇ ಅವಳಿಗೆ ಬೇಡವಾಗಿತ್ತು.

ಬೆಳಗಾವಿಯ ನಿಲ್ದಾಣದಲ್ಲಿ ಇಳಿದು ಶಮಶಾದ ಹಾಲ್ ಸಿದ್ಧ ಮಾಡಿಸಲು ಓಡಿದಳು. ಮೊದಲೆರಡು ಪಾಠ ಮುಗಿಸಿ, ಉಪನ್ಯಾಸಕ್ಕೆ ಇನ್ನೂ ಹೊತ್ತಿತ್ತೆಂದು ಗಂಗಾದೇವಿ ಕೋಟೆಯೊಳಗೆ ನಡೆದುಹೋದಳು. ಕಮಲ ಬಸದಿಯ ಒಳಗೆ ತಂಪಿತ್ತು, ಯಾರೂ ಇರಲಿಲ್ಲ. ಕಂಬಕ್ಕೆ ಒರಗಿ ಕೂತು ಛತ್ತಿನಿಂದ ತೂಗುಬಿದ್ದ ಕಲ್ಲಿನ ಕಮಲವನ್ನು ನೋಡಿದಳು. ಬೇರೆ ದಿನವಾದರೆ ಎಸಳು ಎಣಿಸುತ್ತಿದ್ದಳು. ಈಗ ಅದರ ಜಾಗದಲ್ಲಿ ಕಾಲೇಜಿನ ಸಭಾಂಗಣ ಕಾಣುತ್ತಿತ್ತು. ಹುಡುಗಿ ಮಾತಾಡುತ್ತಾಳೆ, ಶಮಶಾದ ಮುಂದಿನ ಸಾಲಿನಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಾಗೆ ಮುಖ ಅರಳಿಸಿ ಕೂತಿರುತ್ತಾಳೆ, ಧಾರವಾಡದ ಗೈಡು ತಲೆದೂಗುತ್ತಾರೆ. ಆಗ ಹಿಂದಿನಿಂದ ಒಬ್ಬಳು ಹೆಂಗಸು ಎದ್ದು, ದನಿ ಏರಿಸದೆ, ಒಂದೇ ಮಾತು ಹೇಳುತ್ತಾಳೆ. ನೂರಾ ಐವತ್ತೊಂದರಿಂದ ಹೋಗತೈತಲ್ಲ. ಆಮೇಲಿನ ನಿಶ್ಶಬ್ದವನ್ನು ಅವಳು ಹಲವು ಬಗೆಯಾಗಿ ಕೇಳಿಸಿಕೊಂಡಳು. ಶಮಶಾದಳ ಮುಖ ಏನಾಗುತ್ತದೆ ಎಂದು ನೋಡಿದಳು. ಹುಡುಗಿಯ ಮುಖದ ಹತ್ತಿರ ಹೋದಾಗ ಮಾತ್ರ ಸ್ವಲ್ಪ ಕೆಡುಕೆನ್ನಿಸಿತು. ಕುಂಬಾರರ ಊರಾದ ಖಾನಾಪುರದಲ್ಲಿ ಹುಟ್ಟಿ ಬೆಳೆದವಳಿಗೆ ಗಡಿಗೆಯ ಗಾದೆ ಗೊತ್ತಿರುವುದಿಲ್ಲವೇ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೈಡಿನ ಎದುರು ಹೀಗಾದರೆ ಹುಡುಗಿಯ ಗತಿ ಏನು? ಆಗಲಿ, ಬುದ್ಧಿ ಬರುತ್ತದೆ, ಯಾರ ಹತ್ತಿರ ಕಲಿಯಬೇಕಿತ್ತು ಅಂತ. ಇದು ಕೋಪವಲ್ಲ ಎಂದುಕೊಂಡಳು, ಗಣಿತದಲ್ಲಿ ತಪ್ಪನ್ನು ತಪ್ಪು ಎನ್ನಲೇಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಹೀಗೇ ಏನಾದರೂ ಅಂದುಕೊಳ್ಳುತ್ತಿರಬೇಕು.

ಅಷ್ಟೆಲ್ಲ ಲೆಕ್ಕ ಹಾಕಿದವಳು ಕಾಲೇಜಿನ ಗೇಟಿನಲ್ಲೇ ಸೃಷ್ಟಿ ಸಿಗುತ್ತಾಳೆಂದು ಎಣಿಸಿರಲಿಲ್ಲ. ಜಡೆ ಹೋಗಿತ್ತು, ಕೂದಲು ಕತ್ತಿನವರೆಗೆ ಇತ್ತು, ಸೀರೆ ಉಟ್ಟು ರೂಢಿಯಿಲ್ಲದೆ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಓಡಿಬಂದು ಎಲ್ಲರೆದುರು ಕಾಲು ಮುಟ್ಟಿದಳು.

"ಸಂಖ್ಯೆ ನೋಡಿದ್ರೇನ್ರಿ ಮೇಡಮ್?"

"ನೋಡಿದ್ನಿ."

"ಏನರೆ ಅನಿಸ್ತೇನ್ರಿ?"

ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಎರಡನೆಯ ಬೆಂಚಿನಿಂದ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದಳು. ಈಗ ಹೇಳಿಬಿಡು, ಎಂದು ಗಂಗಾದೇವಿಯ ಒಳಗೆ ಯಾರೋ ಅಂದರು. ಪಕ್ಕಕ್ಕೆ ಕರೆದುಕೊಂಡು ಹೋಗಿ, ತಂಗಿ, ಇದು ಒಡೀತೈತಿ, ಬ್ಯಾರೆ ಸಂಖ್ಯೆ ಇಟ್ಕೊ, ಇನ್ನೂ ಹೊತ್ತೈತಿ ಅನ್ನು. ಹೇಳಿದ್ದರೆ ಆ ಹುಡುಗಿ ಜನ್ಮವಿಡೀ ನೆನೆಯುತ್ತಿದ್ದಳು. ಆಗಲೇ ಮೆಟ್ಟಿಲ ಮೇಲಿಂದ ಶಮಶಾದ "ಸೃಷ್ಟಿ, ಬಾರವಾ ಲಗೂನ" ಎಂದು ಕರೆದಳು, ಹುಡುಗಿ ಅತ್ತ ತಿರುಗಿ "ಬಂದ್ನಿರಿ" ಎಂದು ನಕ್ಕಳು. ಆ ನಗು ಸಲಿಗೆಯದು. ಅಂಥ ನಗು ಗಂಗಾದೇವಿಗೆ ಎಂದೂ ಸಿಕ್ಕಿರಲಿಲ್ಲ.

"ಚೊಲೊ ಐತಿ," ಎಂದಳು ಗಂಗಾದೇವಿ.

"ಮತ್ತೇನಿಲ್ಲೇನ್ರಿ?"

"ಮತ್ತೇನೈತಿ. ಚೊಲೊ ಮಾಡು."

ಹುಡುಗಿಯ ಮುಖ ಸ್ವಲ್ಪ ಇಳಿಯಿತು. ಭಯ ಇರಬೇಕು ಎಂದುಕೊಂಡಳು ಗಂಗಾದೇವಿ. "ಮುಂದಿನ ಸಾಲಿನ್ಯಾಗ ಕುಂದರ್ರಿ ಮೇಡಮ್," ಎಂದು ಹೇಳಿ ಹೋದಳು ಸೃಷ್ಟಿ.

ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಹಿಂದಿನಿಂದ ಏಳುವುದು ಎಂದು ಬಸದಿಯಲ್ಲೇ ಗೊತ್ತು ಮಾಡಿಕೊಂಡಾಗಿತ್ತು. ವಿಭಾಗದ ಮುಖ್ಯಸ್ಥ ಬಾಳಾಸಾಹೇಬರು ಸ್ವಾಗತ ಮಾಡಿದರು, ಹೂವು ಕೊಟ್ಟರು, ಗೈಡಿಗೆ ಶಾಲು ಹೊದಿಸಿದರು, ನಮ್ಮ ಲ್ಯಾಬಿನ ಕೂಸು ಎಂದರು. ಲ್ಯಾಬಿನ ಕೂಸು. ಸೃಷ್ಟಿ ಬೋರ್ಡಿನ ಮೇಲೆ ಹತ್ತು ಅಂಕಿಗಳನ್ನು ದೊಡ್ಡದಾಗಿ ಬರೆದಳು. ಎರಡನ್ನು ಕರೆದು ಕೇಳಿದಳು, ಪಾಸು. ಮೂರು, ಪಾಸು. "ಪರೀಕ್ಷಾ ನಾ ಬಿಗಿ ಮಾಡೀನ್ರಿ, ಬರೇ ಕಡೀ ಶೇಷ ನೋಡೂದಲ್ಲ, ನಡುವಿನ ಮೆಟ್ಟಿಲಾನೂ ಒಂದೊಂದು ನೋಡೂದು. ಆದರೂ ಪಾಸ್ ಆಗತೈತಿ." ಐದು, ಪಾಸು. ಬೋರ್ಡಿನ ಮೇಲೆ ಸುಣ್ಣ ಕರಕರ ಎನ್ನುತ್ತಿತ್ತು. ಗಂಗಾದೇವಿಗೆ ಮಾತುಗಳು ಅರ್ಧ ಕೇಳುತ್ತಿದ್ದವು, ಅರ್ಧ ಇಲ್ಲ. ಕೂಸು ಕುಲಾಯಿ ಹೊಲಿಸಿದವಳ ಪಾಲಾಯಿತು, ಹೆತ್ತವಳು ಯಾರು ಎಂದು ಒಬ್ಬರೂ ಕೇಳಲಿಲ್ಲ. ಏಳು, ಎಂದಳು ಸೃಷ್ಟಿ, ಬರೆದಳು, ಅದೂ ಪಾಸು. ಸುಣ್ಣವನ್ನು ಕೆಳಗಿಟ್ಟು ಸಭೆಯ ಕಡೆ ತಿರುಗಿದಳು. "ಏಳೂ ಹಿಡೀಲಿಲ್ರಿ," ಎಂದು ಸುಮ್ಮನೆ ನಿಂತಳು. ಯಾರನ್ನೋ ಹುಡುಕುವ ಹಾಗೆ ಮುಂದಿನ ಸಾಲನ್ನು ನೋಡಿದಳು, ಎರಡನೆಯ ಸಾಲನ್ನು ನೋಡಿದಳು. ಮಾತು ಮರೆತಳು ಎಂದುಕೊಂಡ ಗಂಗಾದೇವಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದೆನ್ನಿಸಿತು. ಎದ್ದಳು. ಖುರ್ಚಿ ಸದ್ದು ಮಾಡಿತು, ಎಲ್ಲರೂ ತಿರುಗಿದರು.

"ಅದು ನೂರಾ ಐವತ್ತೊಂದರಿಂದ ಹೋಗತೈತಲ್ಲ," ಎಂದಳು.

ಅವಳು ಬಸದಿಯಲ್ಲಿ ಕೇಳಿಸಿಕೊಂಡಿದ್ದ ನಿಶ್ಶಬ್ದ ಬಂತು. ಬಂದು ನಿಲ್ಲಲಿಲ್ಲ. ಸೃಷ್ಟಿಯ ಮುಖ ಅರಳಿಬಿಟ್ಟಿತು. ಅವಳು ಸಭೆಗೆ ಹೇಳಿದಳು:

"ಇವರು ನನ್ನ ಗಂಗಾದೇವಿ ಮೇಡಮ್. ಎರಡನೇ ವರ್ಷದಾಗ ನಾ ಇವರಿಗೆ ಕೇಳಿದ್ನಿ, ಎರಡು ಹಿಡೀಲಿಲ್ಲ, ಮೂರು ಹಿಡೀಲಿಲ್ಲ, ಐದು ಹಿಡೀಲಿಲ್ಲ, ಏಳೂ ಹಿಡೀಲಿಲ್ಲಂದ್ರ ಏನ್ ಮಾಡೂದರಿ ಅಂತ. ಇವರು ಅಂದ್ರು, ಏಳೂ ಹಿಡೀಲಿಲ್ಲಂದ್ರ ನನ್ನ ಕಡೆ ತೊಗೊಂಡು ಬಾ. ಅವತ್ತಿಂದ ಹುಡುಕಿದ್ನಿ. ಬಿಗಿ ಪರೀಕ್ಷಾದಾಗ ನಾಕೂ ಮಂದಿಗೆ ಮೋಸ ಮಾಡೂ ಸಂಖ್ಯೆ ಎರಡೂವರೆ ಸಾವಿರ ಕೋಟಿ ಒಳಗ ಇದೊಂದ ಐತಿ. ಕಂಡುಹಿಡಿದಾಕಿ ನಾ ಅಲ್ಲ, ಗಣಿತದವರಿಗೆ ಭಾಳ ಹಿಂದಿಂದ ಗೊತ್ತು. ಹನ್ನೊಂದನ್ನ ಕೇಳಿದ್ರ ಸಿಕ್ಕಿಬೀಳತೈತಿ. ಆದರ ಹನ್ನೊಂದನ್ನ ಕೇಳೂದು ಬ್ಯಾಡಂತ ಬಿಟ್ಟೀನಿ. ಮೇಡಮ್ ಕಡೆ ತೊಗೊಂಡು ಬಂದೀನಿ."

ಗೈಡು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಬಾಳಾಸಾಹೇಬರು ಹಿಂತಿರುಗಿ, "ತೆಲಿಯೊಳಗ ಒಡದ್ರೇನ್ರಿ ಮೇಡಮ್? ಶಾಭಾಸ್," ಎಂದರು. ಸೃಷ್ಟಿ ಇಳಿದು ಬಂದು ಕೈಗೆ ಸುಣ್ಣದ ತುಂಡು ಕೊಟ್ಟಳು. ಬೋರ್ಡಿನವರೆಗೆ ನಡೆದುಹೋಗಬೇಕಾಯಿತು. ಗಂಗಾದೇವಿ ಬರೆದಳು: 151 × 21291601. ಬರೆದು ನಿಂತಳು. ಅಪೂರ್ಣವಾಗಿ ಒಡೆದವರಿಗೆ ಸೊನ್ನೆ ಕೊಡುತ್ತಿದ್ದವಳು ಅವಳು. ಪೂರಾ ಒಡೆಯದೆ ಸಂಖ್ಯೆಯನ್ನು ಬಿಟ್ಟು ಏಳಬಾರದು ಎಂದು ಎಷ್ಟು ವರ್ಷ ಎಷ್ಟು ಹುಡುಗರ ಪೇಪರಿನ ಮೇಲೆ ಕೆಂಪು ಗೀಟು ಎಳೆದಿದ್ದಳೋ. ಬೆಳಿಗ್ಗೆ ಗಣೇಬೈಲದಲ್ಲಿ ನೂರಾ ಐವತ್ತೊಂದು ಸಿಕ್ಕಿದ ಮೇಲೆ ಉಳಿದದ್ದರ ಗತಿ ಏನೆಂದು ಒಮ್ಮೆಯೂ ನೋಡಿರಲಿಲ್ಲ. ಹೊಡೆಯಲು ಒಂದು ಕಲ್ಲು ಸಾಕಾಗಿತ್ತು, ಎರಡನೆಯದನ್ನು ಹುಡುಕುವ ಆಸೆಯೇ ಹುಟ್ಟಿರಲಿಲ್ಲ. ಹೆಬ್ಬೆರಳು ಗೆಣ್ಣಿನ ಮೇಲೆ ಅಲುಗಾಡಿತು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ನಿಂತಿತು. ಸೃಷ್ಟಿ ಮೆಲ್ಲಗೆ ಅವಳ ಪಕ್ಕ ಬಂದು, ಅವಳ ಕೈಯಿಂದಲೇ ಸುಣ್ಣ ತೆಗೆದುಕೊಂಡು, ಎರಡನೆಯದನ್ನು ಅಳಿಸಿ ಬರೆದಳು: 151 × 751 × 28351. ಮತ್ತೆ ಚಪ್ಪಾಳೆ. ಅಂಗೈಯಲ್ಲಿ ಉಳಿದ ಸುಣ್ಣದ ಪುಡಿಯನ್ನು ಗಂಗಾದೇವಿ ಕೊಡವಿಕೊಳ್ಳಲಿಲ್ಲ. ಶಾಲು ಒಂದು ಹೆಚ್ಚಿಗೆ ತರಿಸಿದ್ದರಂತೆ, ಅದನ್ನು ಅವಳಿಗೆ ಹೊದಿಸಿದರು.

ಸಂಜೆಯ ಬಸ್ಸಿನಲ್ಲಿ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಉದ್ಯಮಬಾಗದವರೆಗೆ ಶಮಶಾದ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ಕೂತಿದ್ದಳು. ಗೊತ್ತಾಗಿದೆ, ಎಂದುಕೊಂಡಳು ಗಂಗಾದೇವಿ, ಇವಳಿಗೆ ಎಲ್ಲ ಗೊತ್ತಾಗಿದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳದಿರಲು ಎರಡು ಕೈಯಲ್ಲೂ ಶಾಲನ್ನು ಒತ್ತಿ ಹಿಡಿದಳು. ಬಯ್ದುಬಿಡಲಿ, ಒಮ್ಮೆ ಬಯ್ದರೆ ಮುಗಿಯುತ್ತದೆ ಎಂದು ಕಾದಳು.

"ಅಕ್ಕಾರ," ಎಂದಳು ಶಮಶಾದ, "ಮುಂಜಾನೆ ಗಣೇಬೈಲ ಹಂತೇಲೆ ನಿಮ್ಮ ಹೆಬ್ಬಟ್ಟು ನಿಂತಿದ್ದು ನಾ ನೋಡಿದ್ನಿ."

ಗಂಗಾದೇವಿ ಹೆಬ್ಬೆರಳನ್ನು ಶಾಲಿನ ಮಡಿಕೆಯೊಳಗೆ ಸೇರಿಸಿದಳು.

"ಒಡೀತು ಅಂತ ಗೊತ್ತಾತು ನನಗ. ಕೇಳಿದ್ರ ಇಲ್ಲ ಅಂದ್ರಿ. ಆಮ್ಯಾಲ ತಿಳೀತು. ಅದರಾಗ ಆಕಿ ಏನೋ ಇಟ್ಟಾಳಂತ ನಿಮಗ ಅನಿಸಿರಬೇಕು. ಮೊದಲ ಹೇಳಿ ಕೆಡಸೂದು ಬ್ಯಾಡ, ಆಕಿ ಕರದಾಗ ಹೇಳೂಣು ಅಂತ ಇಡೀ ದಿನ ಹೊಟ್ಟ್ಯಾಗ ಇಟ್ಕೊಂಡ್ರಿ. ಅಷ್ಟ ಅಲ್ಲ, ಅರ್ಧಾ ಒಡದು ಉಳಿದಿದ್ದು ಆಕಿ ಕೈಲೆ ಬರಸಿದ್ರಿ. ನನ್ನ ಕೈಲಂತೂ ಆಗ್ತಿರಲಿಲ್ಲ. ದೊಡ್ಡ ಮನಸು ಬೇಕು ಅದಕ್ಕ."

ಗಂಗಾದೇವಿ ಅವಳ ಮುಖ ನೋಡಿದಳು. ಹಾಸ್ಯವಿದೆಯೇ, ಚುಚ್ಚಿದ್ದೇ, ತನಗೆ ಮರ್ಯಾದೆಯ ಬಾಗಿಲು ತೆರೆದು ಕೊಡುತ್ತಿದ್ದಾಳೆಯೇ ಎಂದು ಒಂದೊಂದಾಗಿ ಕೇಳಿ ನೋಡಿದಳು. ಯಾವುದಕ್ಕೂ ಅದು ಒಡೆಯಲಿಲ್ಲ. ಶಮಶಾದಳ ಕಣ್ಣು ಕೆಂಪಾಗಿದ್ದವು. ದೇಸೂರಿನ ರೈಲ್ವೆ ಗೇಟು ಹಾಕಿತ್ತು, ಬಸ್ಸು ನಿಂತಿತು, ಡ್ರೈವರು ಎಂಜಿನ್ ಬಂದ್ ಮಾಡಿದ.

"ಖರೇ ಹೇಳ್ಲೇನ್ರಿ?" ಶಮಶಾದ ದನಿ ಇಳಿಸಿದಳು. "ನನಗ ಇವತ್ತ ಹೊಟ್ಟಿಕಿಚ್ಚಾತು. ಲ್ಯಾಬಿನ್ಯಾಗ ನನ್ನ ಬಾಜುಕ ಕುಂತು ಕಲತಾಕಿ. ನನ್ನ ಮನ್ಯಾಗ ಉಂಡಾಕಿ. ನನ್ನ ಹೆಸರು ಒಂದ ಸಲ ತೊಗೋಲಿಲ್ಲ. ನನ್ನ ಗಂಗಾದೇವಿ ಮೇಡಮ್ ಅಂದ್ಲು. ಚಪ್ಪಾಳಿ ನಾನೂ ಹೊಡದ್ನಿ, ಆದರ ಒಳಗ ಉರೀತು. ನಿಮ್ಮ ಮುಂದಲ್ಲದ ಯಾರ ಮುಂದ ಹೇಳ್ಲಿ ಇದನ್ನ."

ಹೇಳಿ ಅವಳು ಹಗುರಾದವಳ ಹಾಗೆ ಡಬ್ಬಿ ತೆರೆದು, ಸಭೆಯಲ್ಲಿ ಉಳಿದಿದ್ದ ಕುಂದಾದಲ್ಲಿ ಒಂದು ತುಣುಕು ಮುರಿದು ಗಂಗಾದೇವಿಯ ಕೈಗಿಟ್ಟಳು. ಅಷ್ಟು ಸುಲಭವಿತ್ತೇ ಅದು, ಎನ್ನಿಸಿತು ಗಂಗಾದೇವಿಗೆ. ತಾನು ಜೀರಿಗೆ ಅಗಿದು ಅಗಿದು ನುಂಗಿದ ಶಬ್ದವನ್ನು ಇವಳು ಟಿಕೆಟ್ಟು ಕೇಳುವಷ್ಟು ಸಲೀಸಾಗಿ ಹೇಳಿಬಿಟ್ಟಳು. ನನಗೂ, ಎಂದರೆ ಸಾಕು. ನನಗೂ ಆಗಿತ್ತು, ನಿನ್ನ ಮೇಲೆ, ಇವತ್ತು ಅಲ್ಲ, ಎಷ್ಟೋ ದಿನದಿಂದ. ಬಸ್ಸು ನಿಂತಿದೆ, ಹೊತ್ತಿದೆ, ಇಬ್ಬರೂ ಅಕ್ಕಪಕ್ಕ ಕೂತಿದ್ದಾರೆ, ಆಟಕ್ಕೆ ಇದ್ದ ಒಂದೇ ಒಂದು ನಿಯಮವನ್ನು ಇನ್ನೂ ಉಳಿಸಬಹುದು. ರೈಲು ಸದ್ದು ಮಾಡುತ್ತ ಹಾದುಹೋಯಿತು, ಗೇಟು ಮೇಲೆದ್ದಿತು, ಡ್ರೈವರು ಕೀಲಿ ತಿರುವಿದ.

ಅವಳು ಕುಂದಾವನ್ನು ಬಾಯಿಗೆ ಹಾಕಿಕೊಂಡು ನುಂಗಿದಳು, ಶಾಲಿನ ಅಂಚನ್ನು ಸರಿಮಾಡಿಕೊಂಡಳು.

"ಇಷ್ಟಕ್ಕೆಲ್ಲಾ ಹೊಟ್ಟಿಕಿಚ್ಚು ಪಡಬಾರದು, ಶಮಶಾದ," ಎಂದಳು.